ಮೂರನೇ ಕಂಬದ ಆಳ

ಕಳೆದ ತಿಂಗಳು ಮುಳಬಾಗಿಲು ರಸ್ತೆಯಲ್ಲಿ ಹಳೆಯ ಅಡಿಪಾಯವೊಂದರ ತಲೆಯನ್ನು ಪರೀಕ್ಷೆಗೆಂದು ನೀರು ಹಾಕಿ ಉಜ್ಜುತ್ತಿದ್ದರು. ಒದ್ದೆ ಕಲ್ಲುಪುಡಿಯ ವಾಸನೆ ಬಂತು. ಅಲ್ಲಿ ಕುಳಿ ಕೊರೆದ ಮೇಸ್ತ್ರಿ ನೆನಪಾದರು…

ವರ್ಷಗಳ ಹಿಂದೆ ಅವರು ಅದನ್ನು ಕೊರೆದಾಗ ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಹೆದ್ದಾರಿ ಬೋರ್ಡುಗಳ ಅಡಿಪಾಯದ ವಿನ್ಯಾಸ ನನ್ನದೇ. ಒಂಟಿ ಕಂಬ, ರಸ್ತೆಯ ಮೇಲೆ ಚಾಚಿದ ತೋಳು, ಅದರ ತುದಿಯಲ್ಲಿ ಬೋರ್ಡು. ಗಾಳಿ ಅದನ್ನು ತಳ್ಳುವುದಷ್ಟೇ ಅಲ್ಲ, ಬುಡದಿಂದ ತಿರುಚುತ್ತದೆ. ತಡೆಯಲು ಐದು ಮೀಟರ್ ಆಳ ಕೊರೆದು, ಕಬ್ಬಿಣ ಇಳಿಸಿ, ಕಾಂಕ್ರೀಟ್ ತುಂಬಬೇಕು. ನಡುವೆ ಬಂಡೆ ಸಿಕ್ಕರೆ ಅದಕ್ಕೇ ಕಚ್ಚಿಸಿ ನಿಲ್ಲಿಸಬಹುದು ಎಂದು ನಕ್ಷೆಯಲ್ಲಿ ಬರೆದಿದ್ದೆ.

ಮೂರನೇ ಕುಳಿಯಲ್ಲಿ ಅರ್ಧ ದಾರಿಗೇ ಕಲ್ಲು ಸಿಕ್ಕಿತು. "ಬಂಡೆ ಬಂತಲ್ಲ, ಸಾಕು" ಎಂದೆ. ಮೇಸ್ತ್ರಿ ಕುಳಿಗೆ ಒಂದು ಕೊಡ ನೀರು ಸುರಿದು, ಬೀಡಿ ಹಚ್ಚಿ, ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಬೀಡಿ ಮುಗಿಯುವುದರೊಳಗೆ ನೀರು ಇಂಗಿತ್ತು.

"ಬಂಡೆ ಆಗಿದ್ರೆ ನೀರು ನಿಲ್ತಿತ್ತು ತಾಯೀ. ಇದು ಮಣ್ಣಲ್ಲಿ ಕೂತಿರೋ ಗುಂಡುಕಲ್ಲು. ಇದರ ಮೇಲೆ ನಿಲ್ಸಿದ್ರೆ ಕಲ್ಲಿನ ಜೊತೆ ಕಂಬಾನೂ ಅಲ್ಲಾಡ್ತೈತೆ."

"ಮೇಸ್ತ್ರೀ, ನೀವೂ ಕಾಲೇಜಿಗೆ ಹೋಗ್ಬೇಕಿತ್ತು ಬಿಡಿ!" ಎಂದು ಕೆಲಸದವರಲ್ಲೊಬ್ಬ ನಕ್ಕ. ಆ ನಗು ನನ್ನನ್ನು ಕುರಿತದ್ದು ಅನ್ನಿಸಿತು. "ಕೊರೆಯೋದು ನಿಲ್ಲಿಸಿ ಅಂದ್ರೆ ನಿಲ್ಲಿಸಿ" ಎಂದು ಬೆಂಗಳೂರಿನ ಕಚೇರಿಗೆ ಹೊರಟುಬಿಟ್ಟೆ. ವಾರ ಬಿಟ್ಟು ಬಂದಾಗ ಕಾಂಕ್ರೀಟ್ ತುಂಬಿಯಾಗಿತ್ತು. ಎಷ್ಟು ಆಳಕ್ಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಬರಬರುತ್ತಾ, "ನಿಮಗೆ ಸರಿ ಕಂಡಂತೆ ಮಾಡಿ" ಎಂದೇ ಹೇಳಿದ್ದೆನೇನೋ ಎಂದು ನಂಬತೊಡಗಿದ್ದೆ. ಅಂದಿನ ಡೈರಿಯಲ್ಲಿ ಹಾಗಿಲ್ಲ. 'ಬಂಡೆ ಸಿಕ್ಕಿತು, ನಿಲ್ಲಿಸಲು ಹೇಳಿದೆ' ಎಂದಷ್ಟೇ ಇದೆ. ಜೋರು ಗಾಳಿ ಬೀಸಿದಾಗಲೆಲ್ಲ ಆ ಕಂಬ, ಅದರ ಕೆಳಗೆ ಹಾಯುವ ಬಸ್ಸುಗಳು… ಯಾರಿಗಾದರೂ ಹೇಳುವ ಧೈರ್ಯವೂ ಆಗಲಿಲ್ಲ.

ಈಗ ರಸ್ತೆ ಅಗಲವಾಗುತ್ತಿದೆ. ಹಳೆಯ ಅಡಿಪಾಯಗಳನ್ನು ಉಳಿಸಿಕೊಳ್ಳಬಹುದೇ ಎಂದು ನೋಡಲು ಈ ಪರೀಕ್ಷೆ. ತಲೆಗೆ ಸುತ್ತಿಗೆಯಿಂದ ತಟ್ಟಿ, ತಳ ಮುಟ್ಟಿ ಮರಳುವ ಅಲೆಯಿಂದ ಆಳ ಅಳೆಯುತ್ತಾರೆ. ಮೂರನೆಯದು ಐದು ಮೀಟರ್ ಎಂದರು. ಮತ್ತೊಮ್ಮೆ ತಟ್ಟಿಸಿದೆ. ಐದೇ.

ವರದಿ ಹಿಡಿದು ಅವರ ಊರು ತಾಯಲೂರಿಗೆ ಹೋದೆ. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ನಾನು ಯಾರೆಂದು, ಆ ಮೂರನೇ ಕಂಬದ ವಿಷಯವನ್ನು ಹೇಳಿದೆ.

"ಓ, ನೀವೇನಾ ಆ ಇಂಜಿನಿಯರಮ್ಮ? ಆ ಕಲ್ಲು ಒಡೆಯೋಕೆ ಮೂರು ದಿನ ಆಯ್ತಂತೆ. 'ಆಯಮ್ಮಂಗೆ ಒಂದ್ಮಾತು ಹೇಳ್ಬಾರ್ದಾ' ಅಂದೆ. 'ಪಾಪ, ಹೊಸ್ದಾಗಿ ಬಂದವ್ಳೆ, ನಾಲ್ಕು ಜನದ ಮುಂದೆ ತಲೆ ತಗ್ಗಿಸ್ಬೇಕಾಗ್ತೈತೆ, ಸುಮ್ನಿರೇ' ಅಂದ್ರು."

ಕಾಫಿ ಕೊಟ್ಟರು, ಕುಡಿದೆ. ವರದಿಯನ್ನು ಬ್ಯಾಗಿನಿಂದ ತೆಗೆಯಲಿಲ್ಲ.

ಈಗ ಆ ಕಂಬದ ಭಯವಿಲ್ಲ. ನಾನು ಭಯಪಟ್ಟ ವರ್ಷಗಳಲ್ಲಿ, ತೀರಿಕೊಳ್ಳುವವರೆಗೂ, ಅವರು ಆ ಕಂಬದಿಂದ ಮುಕ್ಕಾಲು ಗಂಟೆಯ ಬಸ್ ದಾರಿಯಲ್ಲಿದ್ದರು. ಒಂದು ಸಲ ಹೋಗಿ ಕೇಳಬಹುದಿತ್ತು… ಹೋಗಲಿಲ್ಲ.