ಐದೂವರೆ ಬೊಗಸೆ ಆತ್ಮವಿಶ್ವಾಸ

ತೊಂಬತ್ತರ ದಶಕದ ಕೊನೆಯಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಮೂರು ದಿನ ಕೂತು ನಾನು ಆತ್ಮವಿಶ್ವಾಸ ಗಳಿಸಿದೆ. ವ್ಯಕ್ತಿತ್ವ ವಿಕಸನ ಶಿಬಿರ ಅಂತ ಅದಕ್ಕೆ ಹೆಸರು. ಆಗ ನಮ್ಮ ಕಡೆ ಶೀತಜ್ವರಕ್ಕಿಂತ ಬೇಗ ಹರಡುತ್ತಿದ್ದದ್ದು ಈ ಶಿಬಿರಗಳೇ. ಟೈ ಕಟ್ಟಿದ ತರಬೇತುದಾರರು ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸಿ "ನನ್ನಿಂದ ಆಗದ್ದು ಯಾವುದೂ ಇಲ್ಲ" ಅಂತ ಮೂರು ಸಲ ಕೂಗಿಸಿದರು. ಬಳಿಕ ಪ್ರತಿಯೊಬ್ಬರೂ ತಮ್ಮ ನಾಯಕತ್ವದ ಬಗ್ಗೆ ಮಾತಾಡಬೇಕಿತ್ತು. ನಾನು ಐದು ನಿಮಿಷ ಮಾತಾಡಿದೆ. ಅಲ್ಲಿಯವರೆಗೆ ನಾನು ಮುನ್ನಡೆಸಿದ್ದು ನಮ್ಮ ಮನೆಯ ದನವನ್ನು ಮಾತ್ರ. ಅದೂ ಹೆಚ್ಚಿನ ದಿನ ಅದೇ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಆದರೂ ಚಪ್ಪಾಳೆ ಬಿತ್ತು, ಪ್ರಮಾಣಪತ್ರ ಸಿಕ್ಕಿತು.

ಬಂಟ್ವಾಳದ ಮನೆಗೆ ಬಂದವನಿಗೆ ಕಂಡ, ಆತ್ಮವಿಶ್ವಾಸವಿಲ್ಲದ ಮೊದಲ ರೋಗಿ ಅಪ್ಪ. ಅವರು ಮದುವೆ-ಮುಂಜಿಗಳಿಗೆ ಅಡುಗೆಗೆ ಹೋಗುವವರು. ಮೂವತ್ತು ವರ್ಷದ ಕೈ. ಅವರ ಸಾರಿಗೆಂದೇ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವವರಿದ್ದರು. ಆದರೆ ಪ್ರತಿ ಸಲವೂ ಅಡುಗೆಯ ಹಿಂದಿನ ದಿನದಿಂದಲೇ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. "ಸರಿ ಆಗ್ತದೋ ಇಲ್ವೋ" ಎಂಬುದೇ ಜಪ. ಯಾರಾದರೂ ಹೊಗಳಿದರೆ "ಇವತ್ತು ಏನೋ ಆಯ್ತು" ಅನ್ನುತ್ತಿದ್ದರು.

ಆ ಹೆದರಿಕೆಗೆ ಕಾರಣವೂ ಇತ್ತು. ದೇವರಿಗೆ ನೈವೇದ್ಯ ಆಗುವ ಮೊದಲು ಅಡುಗೆಯವರು ಏನನ್ನೂ ನಾಲಗೆಗೆ ತಾಗಿಸುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕಣ್ಣಲ್ಲಿ, ಮೂಗಲ್ಲಿ, ಕೈಯಲ್ಲೇ ತಿಳಿಯಬೇಕು. ಅಪ್ಪ ಒಂದು ಬೊಗಸೆ ಉಪ್ಪು ಹಾಕಿ, ಕುದಿ ಬರಲು ಬಿಟ್ಟು, ಬಗ್ಗಿ ಹಬೆಯ ವಾಸನೆ ನೋಡಿ, ಆಮೇಲೆ ಇನ್ನೊಂದು ಹಾಕುತ್ತಿದ್ದರು. ಮತ್ತೆ ನಿಂತು ಯೋಚನೆ. ನನಗೆ ತಾಳ್ಮೆ ಕೆಟ್ಟಿತು. ದಿನಾ ಕನ್ನಡಿಯ ಮುಂದೆ ನಿಂತು "ನಾನು ಶ್ರೇಷ್ಠ ಅಡುಗೆಯವ" ಅಂತ ಹೇಳಿಕೊಳ್ಳಿ ಎಂದು ಉಪದೇಶ ಮಾಡಿದೆ.

"ಕನ್ನಡಿ ಎದುರು ಹೇಳಿದ್ರೆ ಸಾರು ಕುದೀತದಾ ಮಾರಾಯ?" ಅಂದರು ಅಪ್ಪ.

ಅದೇ ವರ್ಷ ಬೆಳ್ತಂಗಡಿ ಕಡೆಯ ಒಂದು ದೊಡ್ಡ ಮನೆಯಲ್ಲಿ ಉಪನಯನ, ನಾನೂರು ಎಲೆ. ಇದು ಸರಿಯಾದರೆ ಆ ಮನೆಯ ಮಗಳ ಮದುವೆಯ ಅಡುಗೆಯೂ ಅಪ್ಪನದ್ದೇ ಅಂತ ಮಾತಾಗಿತ್ತು. ಅಷ್ಟು ದೊಡ್ಡ ಮದುವೆ ಅವರಿಗೆ ಜೀವಮಾನದಲ್ಲೇ ಸಿಕ್ಕಿರಲಿಲ್ಲ. ಆ ಆಸೆಯನ್ನು ಅಡಗಿಸಿಡಲೂ ಅವರಿಗೆ ಬರುತ್ತಿರಲಿಲ್ಲ. ಉಪನಯನದ ಹಿಂದಿನ ದಿನ ಚಳಿಜ್ವರ ಬಂದು ಮಲಗಿಬಿಟ್ಟರು. ಅವರ ಜೊತೆ ಇಪ್ಪತ್ತು ವರ್ಷ ದುಡಿದ ಸಹಾಯಕರೊಬ್ಬರು ಉಳಿದದ್ದನ್ನೆಲ್ಲ ನೋಡಿಕೊಳ್ಳುವುದು ಅಂತಾಯಿತು. "ಸಾರು ನನಗೆ ಬಿಡಿ," ಅಂದೆ ನಾನು.

"ಐದು ಬೊಗಸೆ ಉಪ್ಪು. ಆದ್ರೂ ನೋಡಿಕೊಂಡು ಹಾಕು," ಅಂದರು ಅಪ್ಪ. ಮೊದಲ ವಾಕ್ಯ ಮಾತ್ರ ನನ್ನ ಕಿವಿಗೆ ಬಿತ್ತು.

ಅಪ್ಪನ ಲೆಕ್ಕ ಕಲ್ಲುಪ್ಪಿನದ್ದು. ಆ ಮನೆಯವರು ಹೊಸ ಕಾಲದವರು, ಪ್ಯಾಕೆಟ್ಟಿನ ಹುಡಿ ಉಪ್ಪು ತರಿಸಿಟ್ಟಿದ್ದರು. ಹುಡಿ ಉಪ್ಪು ಬೊಗಸೆಯಲ್ಲಿ ಒತ್ತಾಗಿ ಕೂರುತ್ತದೆ, ಹೆಚ್ಚು ಹಿಡಿಯುತ್ತದೆ. ಇದು ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು ನನ್ನಿಂದ ಆಗದ್ದು ಯಾವುದೂ ಇಲ್ಲ ಎಂಬುದಷ್ಟೇ. ಮೂರನೆಯ ಬೊಗಸೆಗೆ ಸಹಾಯಕರು ಓಡಿ ಬಂದರು.

"ನಿಲ್ಲು ಮಾರಾಯ, ಇದು ಹುಡಿ ಉಪ್ಪು. ಸ್ವಲ್ಪ ಕುದಿಯಲಿ, ನೋಡುವ."

"ನೀವು ಸುಮ್ಮನೆ ಹೆದರ್ತೀರಿ. ನನಗೆ ಗ್ಯಾರಂಟಿ ಉಂಟು," ಅಂದೆ. ಐದೂ ಹಾಕಿದೆ. ನನ್ನ ಮೇಲೆ ಅನುಮಾನಪಟ್ಟರಲ್ಲ ಅಂತ ಇನ್ನೂ ಅರ್ಧ ಬೊಗಸೆ ಹೆಚ್ಚೇ ಹಾಕಿದೆ.

ನೈವೇದ್ಯವಾಯಿತು, ಪಂಕ್ತಿ ಕೂತಿತು. ನಮ್ಮ ಕಡೆಯವರು ಎಲೆಯ ಮುಂದೆ ಕೂತು ಅಡುಗೆಯನ್ನು ಬಯ್ಯುವುದಿಲ್ಲ, ಅದು ಮರ್ಯಾದೆ ಅಲ್ಲ. ಅವರು ಅನ್ನ ಕೇಳುತ್ತಾರೆ. ಆಮೇಲೆ ಮತ್ತೆ ಅನ್ನ. ಪಾಯಸ ಬರುವ ಮೊದಲೇ ಚಪ್ಪರದ ನಾಲ್ಕೂ ಮೂಲೆಯಿಂದ "ಮಜ್ಜಿಗೆ, ಮಜ್ಜಿಗೆ" ಅಂತ ಕರೆ ಶುರುವಾಯಿತು. ಬಡಿಸುವವರು ಬೆವರು ಸುರಿಸಿಕೊಂಡು ಓಡುತ್ತಿದ್ದರು. ಕೊನೆಗೆ ನಾನೂ ಒಂದು ಸೌಟು ಸಾರು ಬಾಯಿಗೆ ಹಾಕಿಕೊಂಡೆ. ಪಣಂಬೂರಿನ ಕಡಲಲ್ಲಿ ಮುಳುಗಿ ಎದ್ದರೂ ಅಷ್ಟು ಉಪ್ಪು ಬಾಯಿಗೆ ಬರಲಿಕ್ಕಿಲ್ಲ.

ಮನೆಗೆ ಬಂದು "ಫಸ್ಟ್ ಕ್ಲಾಸ್ ಆಯ್ತು" ಅಂದೆ. ಸಹಾಯಕರು ಇದ್ದದ್ದನ್ನು ಹೇಳಿರಬೇಕು. ಜ್ವರ ಬಿಟ್ಟ ಮೇಲೆ ಅಪ್ಪ "ಒಂದು ಮಾತು ಹೇಳಿ ಬರುವ, ನಡಿ," ಅಂತ ನನ್ನನ್ನೂ ಬೆಳ್ತಂಗಡಿಯ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅದಾದರೂ ಬಂದಿದ್ದರೆ ಹಗುರಾಗುತ್ತಿತ್ತು.

ಆ ಮನೆಯ ಯಜಮಾನರು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. "ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು ಭಟ್ರೇ. ಹುಡುಗ ಅಲ್ವಾ, ಅವನಿಗೆ ಅಂದಾಜು ತಪ್ಪಿತೋ ಏನೋ," ಅಂದರು.

"ಇಲ್ಲ. ನಾನು ಹೇಳಿದಷ್ಟೇ ಅವನು ಹಾಕಿದ್ದು. ಅಳತೆ ತಪ್ಪಿ ಹೇಳಿದ್ದು ನಾನು."

ಅಪ್ಪನ ಸ್ವರ ನಡುಗಲಿಲ್ಲ. ತನಗೆ ಅಡುಗೆ ಬರುತ್ತದೆಂದು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಗಟ್ಟಿಯಾಗಿ ಹೇಳಿಕೊಳ್ಳದ ಮನುಷ್ಯ, ಮಾಡದ ತಪ್ಪನ್ನು ತನ್ನದೆಂದು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಯಜಮಾನರು ನಂಬಿಯೇಬಿಟ್ಟರು. "ನಿಮಗೂ ಪ್ರಾಯ ಆಯ್ತಲ್ಲ ಭಟ್ರೇ. ಮದುವೆಗೆ ಬೇರೆಯವರನ್ನು ನೋಡ್ತೇವೆ, ಬೇಸರ ಮಾಡ್ಬೇಡಿ," ಅಂದರು. ಅಪ್ಪ ತಲೆಯಾಡಿಸಿದರು.

ಪಕ್ಕದಲ್ಲೇ ಕೂತಿದ್ದ ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ತೆರೆಯಲಿಲ್ಲ. ಅಪ್ಪ ತೀರಿಹೋಗಿ ವರ್ಷಗಳಾದವು. ತಪ್ಪು ನನ್ನದು ಅಂತ ಹೇಳುತ್ತಿರುವುದು ಇದೇ ಮೊದಲು.