ಅಣ್ಣನ ಲಕೋಟೆ

ಮಧ್ಯಾಹ್ನ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಅಡುಗೆಮನೆಯ ತಣ್ಣನೆಯ ಫರಸಿಯ ಮೇಲೆ ಅಡ್ಡಾದರೆ ನೆತ್ತಿಯ ಮೇಲೊಂದು ಹೊಳೆ ಕಾಣುತ್ತಿತ್ತು. ಮಳೆನೀರು ಸೋರಿ ಸೋರಿ ಛಾವಣಿಯಲ್ಲಿ ಮೂಡಿದ ಕಂದು ಕಲೆ ಅದು. ಬೀಳಗಿಯ ಕಡೆ ಕೃಷ್ಣೆಯ ಹಿನ್ನೀರು ಹರಡಿಕೊಂಡ ಹಾಗೆ ವರ್ಷ ವರ್ಷವೂ ಅಗಲವಾಗುತ್ತಿತ್ತು. ಓಣಿಯ ಮಗ್ಗಗಳ ಸದ್ದು ಒಂದೇ ಸಮನೆ ಮೇಲೇರಿ ಬರುತ್ತಿತ್ತು. ಅದನ್ನು ಕೇಳುತ್ತ ಆ ಹೊಳೆಯ ದಂಡೆಯಲ್ಲೇ ನಿದ್ದೆ ಹೋಗುತ್ತಿದ್ದೆ. ಎಚ್ಚರವಾದಾಗ ಛಾವಣಿಯಿಂದ ಉದುರಿದ ಗಿಲಾವಿನ ಚೂರು ಹಿಟ್ಟಿನ ಡಬ್ಬಿಯ ಮೇಲೆ ಬಿದ್ದಿರುತ್ತಿತ್ತು.

ಬನಹಟ್ಟಿಯ ನಮ್ಮ ಓಣಿಯವರು ಅಪಾರ್ಟ್‌ಮೆಂಟ್ ಎಂಬುದನ್ನು ಮೊದಲು ಕಂಡದ್ದು ನಮ್ಮದನ್ನೇ. ಡಬ್ಬಿಮನಿ ಎಂದು ಹೆಸರಿಟ್ಟಿದ್ದರು. ಎಂಟು ಮನೆ, ಎಂಟು ಮಾಲೀಕರು, ಒಂದೇ ಮಾಳಿಗೆ. ಸೀರೆ ಒಣಹಾಕುವಾಗ ಮಾಳಿಗೆ ಎಲ್ಲರದು. ಸೋರುವಾಗ ಮಾತ್ರ ಮೇಲಿನ ಮಹಡಿಯ ನನ್ನೊಬ್ಬಳದು. ಕೊನೆಗೆ ಕೆಳಮನೆಯ ಕಾಕಾ, ಸೀರೆ ವ್ಯಾಪಾರದಲ್ಲಿ ತಲೆ ಹಣ್ಣಾದವರು, ಎಲ್ಲರನ್ನೂ ಕೂರಿಸಿ ಟೆಂಡರ್ ಕರೆಯೋಣ ಎಂದರು. ಮಾಡಬೇಕಾದ ಕೆಲಸವನ್ನು ಒಂದೇ ರೀತಿ ಬರೆದು ಎಲ್ಲ ಗುತ್ತಿಗೆದಾರರಿಗೂ ಕೊಡುವುದು, ಅವರು ದರ ಬರೆದು ಲಕೋಟೆ ಅಂಟಿಸಿ ತರುವುದು, ಎಲ್ಲರ ಕಣ್ಣೆದುರೇ ಒಡೆಯುವುದು.

ಲೋಕಾಪುರದಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತಿದ್ದ ನನ್ನ ಅಣ್ಣನೂ ಟೆಂಡರ್ ಹಾಕುತ್ತಾನೆಂದು ನಾನೇ ಮೊದಲು ಹೇಳಿಬಿಟ್ಟೆ. ಹಾಕಲಿ, ಆದರೆ ಲಕೋಟೆ ಒಡೆಯುವ ತನಕ ಅಣ್ಣ ತಂಗಿ ಈ ಮಾತು ಎತ್ತಬಾರದು ಎಂದರು ಕಾಕಾ. ಹೂಂ ಎಂದೆ. ಅಪ್ಪ ಅವ್ವ ಹೋದ ಮೇಲೆ ನನಗೆ ತವರೆಂದರೆ ಅಣ್ಣನೊಬ್ಬನೇ. ಪ್ರತಿ ನಾಗರಪಂಚಮಿಗೂ ಬಂದು ಕರೆದೊಯ್ದು, ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಕೊಡುತ್ತಿದ್ದ. ಕೆಲಸ ತಪ್ಪಿದ ಸಿಟ್ಟಿಗೆ ಈ ವರ್ಷ ಅವನು ಬಾರದಿದ್ದರೆ? ಮಾಳಿಗೆ ಸೋರಿದರೆ ಬೋಗುಣಿ ಇಡಬಹುದು, ತವರು ತಪ್ಪಿದರೆ ಏನಿಡುವುದು?

ಒಂದು ರವಿವಾರ ಬೆಳಿಗ್ಗೆ ಮಾಳಿಗೆಯ ಮೇಲೇ ಜಮಖಾನೆ ಹಾಸಿ ಕೂತೆವು. ಒಣಹಾಕಿದ ಸೀರೆಗಳ ಕೆಂಪು, ನೀಲಿ ನೆರಳು ಎಲ್ಲರ ಮುಖದ ಮೇಲೆ ಮೆಲ್ಲಗೆ ತೂಗುತ್ತಿತ್ತು. ಟೆಂಡರ್ ಹಾಕಿದವರು ಮೂವರು: ಜಮಖಂಡಿಯವರೊಬ್ಬರು, ಮುಧೋಳದವರೊಬ್ಬರು, ಅಣ್ಣ. ಮೇಷ್ಟ್ರಮ್ಮನ ದನಿ ಎಲ್ಲರಿಗೂ ಕೇಳುತ್ತದೆಂದು ಓದುವ ಕೆಲಸ ನನಗೇ ಬಂತು. ಎರಡು ಲಕೋಟೆ ಓದಿದೆ. ಮೂರನೆಯದರಲ್ಲಿ ಅಣ್ಣನ ಗುಂಡು ಅಕ್ಷರ, ದರವೇ ಇಲ್ಲ. ಒಂದೇ ಸಾಲು: ತಂಗಿ ಎಷ್ಟು ಅಂತಾಳೋ ಅಷ್ಟು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಡುಮಹಡಿಯ ಬ್ಯಾಂಕಿನವರು, ಹಾಗಾದರೆ ಇಬ್ಬರಿಗಿಂತ ಕಡಿಮೆ ಹೇಳಿಬಿಡಿ ಅಕ್ಕಾರೆ, ಎಲ್ಲರಿಗೂ ಲಾಭ ಎಂದು ಪುಸಲಾಯಿಸಿದರು. ಅಣ್ಣ ನನ್ನನ್ನೇ ನೋಡುತ್ತ ನಗುತ್ತಿದ್ದ. ಮುಧೋಳದವರು ತಲೆ ತಗ್ಗಿಸಿ ಹೆಗಲ ಟಾವೆಲ್ಲಿನ ಅಂಚು ಹೊಸೆಯುತ್ತಿದ್ದರು. ನಾನು ಒಂದು ಮಾತು ಅಂದಿದ್ದರೆ ಸಾಕು, ತವರೂ ಉಳಿಯುತ್ತಿತ್ತು, ಮಾಳಿಗೆಯೂ ಅಗ್ಗದಲ್ಲಿ ಆಗುತ್ತಿತ್ತು.

"ಅವರಿಬ್ಬರ ದರಾ ಕೇಳಿದ ಮ್ಯಾಲೆ ನಾ ಎಷ್ಟಂದ್ರೂ ಅದು ಮೋಸಾನ ರೀ," ಎಂದೆ.

ಕಾಕಾ ತಮ್ಮ ಟಾವೆಲ್ ತೆಗೆದು ಕೈಮೇಲೆ ಹೊದಿಸಿಕೊಂಡರು. "ದನದ ಸಂತ್ಯಾಗ ಹಿಂಗ ಟಾವೆಲ್ ಕೆಳಗ ಬೆರಳ ಹಿಡದು ದರಾ ಹೇಳತಾರ," ಎಂದು ಅದನ್ನು ಸರಕ್ಕನೆ ಎಳೆದರು. "ಟಾವೆಲ್ ತಗದ ಮ್ಯಾಲೆ ಬೆರಳಿಗೆ ಮಾತಿಲ್ಲ."

ಅಣ್ಣನ ಕಾಗದ ಬದಿಗೆ ಹೋಯಿತು. ಕಡಿಮೆ ಬರೆದವರು ಜಮಖಂಡಿಯವರು, ಆದರೆ ಮಾಳಿಗೆಯ ಹಳೆಯ ಗಾರೆಗಚ್ಚು ಕೀಳುವ ಕೆಲಸವನ್ನೇ ಲೆಕ್ಕದಲ್ಲಿ ಬಿಟ್ಟಿದ್ದರು. ಅದನ್ನು ಅವರಿಗೇ ತೋರಿಸಿ, ಕೆಲಸವನ್ನು ಮುಧೋಳದವರಿಗೆ ಕೊಟ್ಟೆವು. ಅಣ್ಣ ಅರ್ಧ ಚಹಾ ಬಿಟ್ಟು ಎದ್ದುಹೋದ.

ಮಳೆ ಬಂತು. ಛಾವಣಿ ಒಣಗಿಯೇ ಇತ್ತು. ಸುಣ್ಣದ ಬಿಳುಪಿನಲ್ಲಿ ನನ್ನ ಹೊಳೆ ಮಾಯವಾಗಿತ್ತು. ಅದರ ಕೆಳಗೆ ಮಲಗಿದರೆ ನಿದ್ದೆಯೇ ಹತ್ತದು. ಪಂಚಮಿ ಹತ್ತಿರ ಬಂದು, ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರೇ ಅಣ್ಣ ತಮ್ಮಂದಿರ ಹಿಂದೆ ಬಸ್ಸಿಗೆ ಹೊರಟರು. ನಾನು ಕಿಟಕಿಗೆ ಬರುವುದನ್ನೇ ಬಿಟ್ಟೆ.

ಹಬ್ಬದ ಹಿಂದಿನ ದಿನ ಯಾರೋ ಬಾಗಿಲು ಬಡಿದರು. ಅಣ್ಣ, ತೊಯ್ದ ಚಪ್ಪಲಿ, ಕಂಕುಳಲ್ಲಿ ಉಂಡೆಯ ಡಬ್ಬಿ. ನೆಟ್ಟಗೆ ಅಡುಗೆಮನೆಗೆ ಹೋಗಿ ತಲೆ ಎತ್ತಿ ಛಾವಣಿ ನೋಡುತ್ತ ನಿಂತ.

"ಆವತ್ತ ನೀ ಎಷ್ಟ ಅಂತಿದ್ದಿ ತಂಗಿ?"

"ನಿನಗ ಲುಕ್ಸಾನ ಆಗದಷ್ಟ."

ಮೇಲೆ ನೋಡುತ್ತಲೇ ಅವನ ತುಟಿ ಅಲ್ಲಾಡಿತು. ಉಸುಕು, ಸಿಮೆಂಟು, ಗೌಂಡಿಗಳ ಪಗಾರ, ಎಲ್ಲ ಲೆಕ್ಕ ಹಾಕಿದನೆಂದು ಕಾಣುತ್ತದೆ. ಆಮೇಲೆ ನಕ್ಕುಬಿಟ್ಟ.

"ಹಂಗಂದಿದ್ರ ಎಲ್ಲಾರಕಿಂತ ನಂದ ತುಟ್ಟಿ ಆಗತಿತ್ತ ಬಿಡು."

ನಾನು ಅಳುತ್ತ ನಿಂತಿದ್ದೆ. ಅವನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಲೋಕಾಪುರದ ಬಸ್ಸು ಹೋಗಿಬಿಡುತ್ತದೆ ಎಂದು ಅವಸರ ಮಾಡಿದ.

"ಚೀಲಾ ತುಂಬ್ಕೊ. ಜೋಕಾಲಿ ಕಟ್ಟೇ ಬಂದೇನಿ."