ಸಾಹುಕಾರನ ನಾಲ್ಕು ಗಂಟೆ

ಮುಚ್ಚಿಹೋದ ಗಡಿಯಾರ ಕಾರ್ಖಾನೆಯ ಕಟ್ಟಡವನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ಮೊನ್ನೆ ಹೋಗಿದ್ದೆ. ನೆಲಕ್ಕೆ ಹೊಳಪು ಕೊಟ್ಟಿದ್ದಾರೆ, ಆದರೂ ಯಂತ್ರದ ಎಣ್ಣೆಯ ವಾಸನೆ ಹೋಗಿಲ್ಲ. "ದೇಶಕ್ಕೆಲ್ಲ ಸಮಯ ಹಂಚಿದ ಕಟ್ಟಡವಿದು" ಎಂದ ಗೈಡ್. ನನಗೆ ನಗು ಬಂತು.

ನಮ್ಮ ಅತನೂರಿಗೆ ಹಂಚಿದ ಸಮಯ ಸಾಹುಕಾರನ ಪಡಸಾಲೆಯ ಗೋಡೆಗೆ ನೇತಾಡುತ್ತಿತ್ತು. ನಮ್ಮ ಕೇರಿಯವರು ಹೊಸ್ತಿಲು ಮುಟ್ಟಿದರೂ ಮೈಲಿಗೆಯಾಗುವ ಮನೆ ಅದು. ಅವನ ಕಣದಲ್ಲಿ ತೊಗರಿ ಬಡಿಯುವ ಹೆಂಗಸರು ಮೊದಲೆಲ್ಲ ಬೇವಿನ ನೆರಳು ಬಾವಿಕಟ್ಟೆಗೆ ಬಂದರೆ ಮನೆಗೆ ಹೊರಡುತ್ತಿದ್ದರು. ಗಡಿಯಾರ ಬಂದ ಮೇಲೆ ನೆರಳಿನ ಮಾತು ನಡೆಯಲಿಲ್ಲ. ಸಾಹುಕಾರ ಒಳಗೆ ಹೋಗಿ ನೋಡಿ ಬಂದು ಹೇಳಿದ್ದೇ ಹೊತ್ತು.

ಒಂದು ದಿನ ಆ ಮಹಾಶಯ ಕೀಲಿ ಕೊಡುವುದನ್ನೇ ಮರೆತಿದ್ದ. ಗಡಿಯಾರ ನಾಲ್ಕಕ್ಕೆ ನಿಂತಿತ್ತು. ಹೊತ್ತು ಮುಳುಗಿತು. ಒಳಗೆ ಹೋಗಿ ನೋಡಿ ಬಂದವನು ಮೀಸೆ ತಿರುವುತ್ತ, "ಇನ್ನಾ ನಾಕ್ ಆಗ್ಯಾವ, ಬಡೀರಿ ಬೇ" ಎಂದ.

ನನ್ನವ್ವ ಕೈಯಲ್ಲಿದ್ದ ಕೋಲು ಕೆಳಗೆ ಹಾಕಿದಳು. "ನಾಕಕ್ಕ ನಿಮ್ಮ ಮನ್ಯಾಗ ದೀಪ ಹಚ್ತಾರೇನ್ರಿ ಸಾವ್ಕಾರ್ರ?" ಎಂದು ಸೆರಗು ಝಾಡಿಸಿ ಹೊರಟಳು. ಉಳಿದವರೂ ಅವಳ ಹಿಂದೆ ನಡೆದರು. "ಗಡಿಯಾರ ಸುಳ್ಳ ಹೇಳ್ತದೇನಬೇ?" ಎಂದು ಅವನು ಕತ್ತಲಲ್ಲಿ ಅರಚುತ್ತಲೇ ಇದ್ದ.

ಅಂಥದ್ದೇ ಗಡಿಯಾರ ಮ್ಯೂಸಿಯಂ ಗೋಡೆಯ ಮೇಲೂ ಇತ್ತು. ಕೆಳಗೆ ‘ಮುಟ್ಟಬೇಡಿ’ ಎಂಬ ಫಲಕ. ಅದನ್ನು ನಮಗೆ ಬರೆದು ಬೇರೆ ಹೇಳಬೇಕೇ?

ಗೈಡ್ ನೋಡುತ್ತಿದ್ದಂತೆಯೇ ಅಂಗೈ ಪೂರ್ತಿ ಅದರ ಮೇಲಿಟ್ಟು ನಿಂತೆ.